ಅಂಗಳದಾಗ ಹೂವೂ ಇರಲಿ, ಮುಧೋಳ ನಾಯಿನೂ ಇರಲಿ

 ಬಸ್ಸಿನಾಗ ಕಿಟಕಿ ಸೀಟು ಹಿಡಿದು ಕುಂತವರಿಗೂ, ಮಗ್ಗದ ಸಪ್ಪಳದ ನಡುವೆ ಒಂದೇ ಕಿವಿಗೆ ಇಯರ್‌ಫೋನ್ ಸಿಗಿಸಿಕೊಂಡು ಕೇಳುವ ಬನಹಟ್ಟಿ ಗೆಳೆಯರಿಗೂ ನಮಸ್ಕಾರ.

ಇವತ್ತಿನ ಮಾತು ಹೂವಿನ ಗಿಡ ಮತ್ತು ನಾಯಿ ಬಗ್ಗೆ. ನಕ್ಕೀರಿ ಬೇಕಾದ್ರ. ಆದರೆ ಜಮಖಂಡಿ, ಮುಧೋಳ, ಬೀಳಗಿ ಕಡೆಯಿಂದ ನನಗೆ ಬರುವ ವಾಯ್ಸ್ ನೋಟ್‌ಗಳಲ್ಲಿ ಈ ಜಗಳ ಮತ್ತೆ ಮತ್ತೆ ಕೇಳಿಸುತ್ತದೆ. ಮಗ ನಾಯಿ ತಂದಾನ, ಅವ್ವನ ಶಾವಂತಿಗಿ ಮಡಿ ಹಾಳಾಗೇದ. ಅವ್ವ ಹೇಳ್ತಾಳ, ‘ನಾಯಿ ಇರಬೇಕು, ಇಲ್ಲಾ ಗಿಡ ಇರಬೇಕು, ಎರಡೂ ಆಗೂದಿಲ್ಲ.’ ಎರಡೂ ಆಗುತ್ತವೆ ಅನ್ನೋದು ನನ್ನ ವಾದ. ಆದರೆ ಅದಕ್ಕೆ ಮೊದಲು ಗೇಟಿನ ಪಕ್ಕದ ಒಂದು ಗಿಡದ ಬಗ್ಗೆ ಗಟ್ಟಿ ನಿರ್ಧಾರ ಮಾಡಬೇಕು. ಆ ಗಿಡದ ಮಾತಿಗೆ ಆಮೇಲೆ ಬರ್ತೀನಿ, ಯಾಕಂದ್ರ ಅದು ಜೀವದ ಪ್ರಶ್ನೆ.

ಮೊದಲು ನಮ್ಮ ನಾಯಿ ಎಂಥದ್ದು ಅಂತ ತಿಳ್ಕೊಳ್ಳೋಣ. ಮುಧೋಳ ತಳಿಗೆ ಹೆಸರು ಬಂದದ್ದು ಮುಧೋಳ ಸಂಸ್ಥಾನದಿಂದ. ಅಲ್ಲಿನ ಅರಸ ಮಾಲೋಜಿರಾವ ಘೋರ್ಪಡೆ ಈ ತಳಿಯನ್ನು ಆಸ್ಥೆಯಿಂದ ಬೆಳೆಸಿದರು, ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕೊಟ್ಟರು ಅನ್ನೋ ಕಥೆ ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಸ್ಟ್ಯಾಂಪ್ ತಂತು. 2016ರಲ್ಲಿ ಸೇನೆಯವರು ತರಬೇತಿಗಾಗಿ ಮರಿಗಳನ್ನು ಮೀರತ್‌ಗೆ ಒಯ್ದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೇ ಇದೆ. ಇಷ್ಟೆಲ್ಲ ಹೆಮ್ಮೆ ಪಡ್ತೀವಿ, ಸ್ಟೇಟಸ್ ಹಾಕ್ತೀವಿ. ಆದರೆ ಮನೆಗೆ ತಂದ ಮೇಲೆ ಎರಡು ಮೊಳದ ಸರಪಳಿಯಲ್ಲಿ ಕಟ್ಟಿ ಹಾಕ್ತೀವಿ. ಯಾಕೆ ಅಂತ ಕೇಳಿದರೆ, ‘ಬಿಟ್ರ ಗಿಡಾ ಹಾಳು ಮಾಡ್ತದ.’

ಅದು ಗಿಡ ಹಾಳು ಮಾಡೋದು ಸಿಟ್ಟಿನಿಂದ ಅಲ್ಲ. ಮುಧೋಳ ನಾಯಿ ಮುಖ್ಯವಾಗಿ ಕಣ್ಣಿನಿಂದ ಬೇಟೆ ಆಡುವ ನಾಯಿ. ಮೂಗು ನೆಲಕ್ಕೆ ಹಚ್ಚಿ ವಾಸನೆ ಹಿಡಿದು ಹೋಗೋದು ಅದರ ಮೊದಲ ಕೆಲಸ ಅಲ್ಲ. ದೂರದಲ್ಲಿ ಏನೋ ಅಲುಗಾಡಿತು ಅಂದ್ರ ಸಾಕು, ಕಾಲು ಓಡೇ ಬಿಡ್ತಾವ. ಹೂವಿನ ಗಿಡಕ್ಕೆ ಚಿಟ್ಟೆ ಬರ್ತದ, ಅಳಿಲು ಬರ್ತದ, ಕಲ್ಲಿನ ಸಂದಿಯಿಂದ ಓತಿಕ್ಯಾತ ತಲಿ ಎತ್ತುತ್ತದ. ಗೇಟಿನ ಹತ್ತಿರ ಮಲಗಿದ ನಾಯಿಗೆ ಹಿತ್ತಲ ಮೂಲೆಯ ಅಳಿಲು ಕಂಡರೆ ಅದು ಸುತ್ತು ಹಾಕಿ ಹೋಗೂದಿಲ್ಲ, ನಡುವಿನ ಶಾವಂತಿಗಿ ಮಡಿ ಮೇಲೆ ನೆಟ್ಟಗೆ ಹೋಗ್ತದ. ಎರಡು ಅಡಿಗಿಂತ ಎತ್ತರದ, ಇಪ್ಪತ್ತು ಕೆಜಿ ಮೇಲಿನ ನಾಯಿ ಪೂರ್ತಿ ವೇಗದಲ್ಲಿ ಬಂದರೆ ಯಾವ ಗಿಡ ನಿಲ್ಲತ್ತ?

ಅದಕ್ಕೇ ನಾನು ಹೇಳೋದು, ಗಿಡ ಹಚ್ಚುವ ಮೊದಲು ಒಂದು ವಾರ ಸುಮ್ಮನೆ ನಾಯಿಯನ್ನು ನೋಡ್ರಿ. ಎಲ್ಲಿ ಮಲಗ್ತದ, ಎದ್ದು ಎಲ್ಲಿಗೆ ಹೋಗ್ತದ, ಯಾವ ಗೋಡೆ ಗುಂಟ ಓಡ್ತದ. ನಾಲ್ಕೈದು ದಿನದಾಗ ನೆಲದ ಮೇಲೆ ದಾರಿ ತಾನಾಗೇ ಮೂಡುತ್ತದೆ, ಹೊಲದಾಗ ಕಾಲುದಾರಿ ಬೀಳ್ತದಲ್ಲ, ಹಂಗ. ಬಹಳ ಸಲ ಅದು ಕಾಂಪೌಂಡ್ ಗೋಡೆಯ ಗುಂಟ ಇರುತ್ತದೆ. ನಾವೆಲ್ಲ ಗಿಡ ಹಚ್ಚೋದೂ ಅಲ್ಲೇ. ಜಗಳ ಹುಟ್ಟೋದೂ ಅಲ್ಲೇ. ಗೋಡೆ ಬಿಟ್ಟು ಮೂರು ಅಡಿ ನಾಯಿಗೆ ಕೊಟ್ಟುಬಿಡ್ರಿ. ಗಿಡದ ಮಡಿ ಅದರ ಒಳಗಡೆ ಬರಲಿ, ಅಂಚಿಗೆ ಮೊಣಕಾಲೆತ್ತರ ಕಲ್ಲಿನ ಕಟ್ಟೆ ಇರಲಿ. ಬೆಲೆ ಬಾಳುವ ಇಟ್ಟಿಗೆ ಬೇಡ, ಹಳೇ ಮನೆ ಕೆಡವಿದ ಕಲ್ಲು ನಮ್ಮ ಕಡೆ ಬೇಕಾದಷ್ಟು ಸಿಗ್ತಾವ.

ಇನ್ನೊಂದು, ಗೇಟಿನ ಜಾಲರಿಯಿಂದ ರಸ್ತೆ ಕಂಡರೆ ನಾಯಿ ದಿನವಿಡೀ ಅಲ್ಲೇ ಆ ಕಡೆ ಈ ಕಡೆ ಓಡ್ತಿರುತ್ತದೆ. ಜಾಲರಿಗೆ ಒಂದು ಮಲ್ಲಿಗಿ ಬಳ್ಳಿ ಹಬ್ಬಿಸಿ ನೋಡ್ರಿ. ಕಣ್ಣಿಗೆ ಕಾಣದಿದ್ದರೆ ಅರ್ಧ ಓಟ ಕಡಿಮೆ. ಅವ್ವನ ಮುಡಿಗೂ ಹೂವು ಆತು.

ಮಣ್ಣಿನ ಬಗ್ಗೆ ಒಂದೆರಡು ಮಾತು. ಎರಿ ಮಣ್ಣಿನ ಜಾಗ ಆದರೆ ನಾಯಿ ಓಡಾಡಿದ ಕಡೆ ಮಳೆಗಾಲದಲ್ಲಿ ಕೆಸರು, ಬ್ಯಾಸಗಿಯಲ್ಲಿ ಬಿರುಕು. ಓಡುವ ದಾರಿಗೆ ಮರಳು ಅಥವಾ ಸಣ್ಣ ಗರಸು ಹಾಕ್ರಿ, ಗಿಡದ ಮಡಿಗೆ ಮಸಾರಿ ಮಣ್ಣು, ಕೊಳೆತ ಸಗಣಿ ಗೊಬ್ಬರ ಕಲಸ್ರಿ. ಅಂಗಳಕ್ಕೆಲ್ಲ ಪರಸಿ ಹಾಸಿಬಿಡೋಣ ಅಂತ ಕೆಲವರಿಗೆ ಅನಿಸುತ್ತದೆ. ಬ್ಯಾಡ್ರಿ. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಪರಸಿ ಮೇಲೆ ಅರ್ಧ ನಿಮಿಷ ನಿಂತು ನೋಡ್ರಿ, ನಾಯಿ ಕಾಲಿನ ಕಥೆ ಗೊತ್ತಾಗ್ತದ.

ಬಿಸಿಲಿನ ಮಾತು ಬಂತಲ್ಲ, ತಗ್ಗು ತೋಡುವ ಚಟದ ಬಗ್ಗೆಯೂ ಹೇಳ್ತೀನಿ. ನಮ್ಮದು ವರ್ಷಕ್ಕೆ 600 ಮಿಲಿಮೀಟರೂ ಮಳೆ ಕಾಣದ ಜಿಲ್ಲೆ. ಬ್ಯಾಸಗಿಯಾಗ 40 ಡಿಗ್ರಿ ಅಂದ್ರ ಯಾರೂ ಹುಬ್ಬೇರಿಸೋದಿಲ್ಲ. ನಾವು ಬೆಳಿಗ್ಗೆ ಗಿಡಕ್ಕೆ ನೀರು ಹಾಕ್ತೀವಿ, ಬುಡ ತಂಪಾಗ್ತದ. ನಾಯಿ ಬಂದು ಆ ತಂಪು ಮಣ್ಣು ಕೆದರಿ ಹೊಟ್ಟೆ ಹಚ್ಚಿ ಮಲಗ್ತದ. ಇಡೀ ಅಂಗಳದಾಗ ತಂಪು ಜಾಗ ಅದೊಂದೇ ಇದ್ದರೆ ಅದು ಇನ್ನೆಲ್ಲಿ ಹೋಗಬೇಕು? ಬೇವಿನ ಗಿಡದ ನೆರಳಲ್ಲಿ ಮೂರಡಿ ಅಗಲದ, ಒಂದಡಿ ಆಳದ ತಗ್ಗು ನೀವೇ ತೋಡಿ, ಮರಳು ತುಂಬಿ, ಹನ್ನೊಂದು ಗಂಟೆಗೆ ಒಂದು ಕೊಡ ನೀರು ಸುರೀರಿ. ಗುಲಾಬಿ ಬುಡ ಉಳೀತದ. ಬಕೆಟ್ ನೀರು ಉಳಿಸೋದಕ್ಕೆ ಐವತ್ತು ರೂಪಾಯಿಯ ಗುಲಾಬಿ ಸಸಿ ಕಳ್ಕೊಳ್ಳೋದು ಯಾವ ಲೆಕ್ಕದಾಗೂ ಲಾಭ ಅಲ್ಲ.

ನಳದ ನೀರು ದಿನಾ ಬರದ ಓಣಿಯವರು ಗಿಡದ ಬುಡಕ್ಕೆ ಕಬ್ಬಿನ ರವದಿ ಹಾಸ್ರಿ. ನಮ್ಮ ಸುತ್ತ ಸಕ್ಕರೆ ಫ್ಯಾಕ್ಟರಿ, ಕಬ್ಬು ಇದ್ದೇ ಇದೆ. ಹೊಲದಲ್ಲಿ ಬೆಂಕಿ ಹಚ್ಚಿ ಸುಡುವ ರವದಿ ಒಂದು ಗಾಡಿ ತಂದರೆ ವರ್ಷಕ್ಕಾಗ್ತದ. ಮಣ್ಣಿನ ತೇವ ಬೇಗ ಆರೂದಿಲ್ಲ. ನಾಯಿಗೂ ಆ ಒರಟು ಹಾಸಿನ ಮೇಲೆ ಕೆದರೋಕೆ ಮನಸ್ಸು ಬರೋದು ಕಡಿಮೆ.

ಮೂತ್ರದ ಸಮಸ್ಯೆ ಎಲ್ಲರೂ ಕೇಳ್ತಾರ. ನಾಯಿ ಮೂತ್ರದಲ್ಲಿ ಸಾರಜನಕ, ಉಪ್ಪಿನ ಅಂಶ ಜಾಸ್ತಿ. ಯೂರಿಯಾ ಒಂದೇ ಕಡೆ ಮುಷ್ಟಿಗಟ್ಟಲೆ ಸುರಿದರೆ ಪೈರು ಸುಡುತ್ತದಲ್ಲ, ಇದೂ ಹಂಗೇ. ಕಂಡ ಕೂಡಲೇ ಅಲ್ಲಿ ಎರಡು ಚರಿಗಿ ನೀರು ಹಾಕಿದರೆ ಗಿಡಕ್ಕೆ ಏನೂ ಆಗೂದಿಲ್ಲ. ಗಂಡು ನಾಯಿ ಆದರೆ ಅದರ ಓಡುವ ದಾರಿಯಲ್ಲಿ ಒಂದು ಕಟ್ಟಿಗೆ ಗೂಟ ನೆಡ್ರಿ. ಅದಕ್ಕೆ ಬೇಕಿರೋದು ಒಂದು ಗುರುತಿನ ಕಂಬ, ನಿಮ್ಮ ಗುಲಾಬಿ ಅಲ್ಲ.

ಇಲ್ಲಿಗೆ ತುಳಸಿ ಕಟ್ಟೆಯ ಮಾತು ಬಂದೇ ಬರ್ತದ. ಮುಧೋಳದ ಒಬ್ಬ ಕೇಳುಗ ಹೇಳಿದ್ದು: ಅವರ ಅಜ್ಜಿಗೆ ನಾಯಿ ಮೇಲೆ ದ್ವೇಷ ಇಲ್ಲ, ತಾನೇ ರೊಟ್ಟಿ ಹಾಕ್ತಾಳ, ಆದರೆ ತುಳಸಿ ಇರುವ ಅಂಗಳಕ್ಕೆ ಬಿಡಬೇಡ ಅಂತಾಳ. ಅಜ್ಜಿಯನ್ನು ನಗಬ್ಯಾಡ್ರಿ. ಅವಳ ಕಷ್ಟ ಖರೇನೇ ಐತಿ. ಬೆಳಿಗ್ಗೆ ಮಡಿಯಲ್ಲಿ ಹೂವು ಹರಿಯಲು ಹೋದಾಗ ನಾಯಿ ಬಂದು ಮೈ ತಿಕ್ಕಿದರೆ ಮತ್ತೆ ಜಳಕ ಮಾಡಬೇಕು. ಇದಕ್ಕೆ ಉತ್ತರ ವಾದ ಅಲ್ಲ, ಎತ್ತರ ಮತ್ತು ವೇಳೆ. ತುಳಸಿ ಕಟ್ಟೆ ಮೂರು–ಮೂರೂವರೆ ಅಡಿ ಎತ್ತರ ಇದ್ದರೆ ನಾಯಿ ಕಾಲೆತ್ತಿದರೂ ಗಿಡಕ್ಕೆ ತಾಗೂದಿಲ್ಲ. ಅಜ್ಜಿ ಹೂವು ಹರಿಯುವ ಅರ್ಧ ತಾಸು ನೀವು ನಾಯಿಯನ್ನು ಹೊರಗೆ ಓಡಿಸಲು ಕರ್ಕೊಂಡು ಹೋಗ್ರಿ. ಅದಕ್ಕೂ ಬೇಕು, ನಿಮಗೂ ಬೇಕು. ಅಂದ ಹಾಗೆ, ಮೈಲಾರಲಿಂಗನ ಭಕ್ತಿಯಲ್ಲಿ ನಾಯಿಗೆ ಜಾಗ ಐತಿ, ದತ್ತಾತ್ರೇಯನ ಪಟದಾಗ ಕಾಲ ಬಳಿ ನಾಲ್ಕು ನಾಯಿ ನಿಂತಿರ್ತಾವ. ಇದನ್ನು ಅಜ್ಜಿಗೆ ನೀವು ಹೇಳಬೇಕಾಗಿಲ್ಲ, ಅವಳಿಗೇ ಗೊತ್ತು. ಬೇಕಾದಾಗ ಅವಳೇ ಹೇಳ್ತಾಳ.

ಈಗ ಗೇಟಿನ ಪಕ್ಕದ ಗಿಡ. ಕಣಗಿಲೆ. ನಮ್ಮ ಬಾಯಲ್ಲಿ ಕಣಗಲ.

ನಮ್ಮ ನಾಲ್ಕೂ ಊರುಗಳ ಯಾವ ಓಣಿಗೆ ಹೋದರೂ ಇದು ಕಾಣ್ತದ. ಯಾಕಂದ್ರ ನಮ್ಮ ಹವಾಮಾನಕ್ಕೆ ಇದಕ್ಕಿಂತ ಗಟ್ಟಿ ಹೂವಿನ ಗಿಡ ಇಲ್ಲ. ನೀರು ಬೇಡ, ಆಡು ಮುಟ್ಟೋದಿಲ್ಲ, ವರ್ಷದ ಬಹುಕಾಲ ಹೂವು, ಪೂಜೆಗೆ ಆಗ್ತದ. ಆಡು ಹಸಿ ಎಲೆ ಮುಟ್ಟೋದಿಲ್ಲ ಅನ್ನೋದರಲ್ಲೇ ಅದರ ಗುಣ ಅಡಗಿದೆ. ಎಲೆ, ಹೂವು, ಕಾಂಡ, ಬೇರು, ಎಲ್ಲದರಲ್ಲೂ ಹೃದಯದ ಬಡಿತ ಕೆಡಿಸುವ ವಿಷ ಇದೆ. ನಾಯಿ ಕೆಲವು ಎಲೆ ಅಗಿದು ನುಂಗಿದರೂ ಜೀವಕ್ಕೆ ಅಪಾಯ. ಜೊಲ್ಲು ಸುರಿಸ್ತದ, ವಾಂತಿ, ಭೇದಿ, ಆಮೇಲೆ ಸುಸ್ತು, ಹೃದಯ ತಾಳ ತಪ್ಪುತ್ತದೆ. ಕಾಶಿ ಕಣಗಿಲೆ ಅನ್ನುವ ಹಳದಿ ಹೂವಿನ ಗಿಡದ ಕಾಯಿ–ಬೀಜವೂ ಇಷ್ಟೇ ಕೆಟ್ಟದ್ದು. ಒಣಗಿದರೆ ವಿಷ ಹೋಗುತ್ತದೆ ಅಂತ ತಿಳಿದವರು ಬಹಳ ಜನ. ಹೋಗೂದಿಲ್ಲ. ಕತ್ತರಿಸಿದ ಟೊಂಗೆ ತಿಪ್ಪೆಗೆ ಎಸೆದರೆ, ಹಸಿ ಎಲೆ ಬಿಟ್ಟ ಆಡು ಒಣ ಎಲೆ ತಿಂದು ಸಾಯಬಹುದು. ಬೆಂಕಿಗೂ ಹಾಕಬೇಡ್ರಿ, ಹೊಗೆಯೂ ಕೆಟ್ಟದ್ದು. ಆಳವಾಗಿ ಹೂಳಬೇಕು. ಹೂವು ನೆನೆಸಿಟ್ಟ ಬಟ್ಟಲಿನ ನೀರನ್ನು ನಾಯಿ ಕುಡಿಯದಂತೆ ನೋಡಬೇಕು.

ದೊಡ್ಡ, ಬುದ್ಧಿ ಬಂದ ನಾಯಿ ಸಾಮಾನ್ಯವಾಗಿ ಇದನ್ನು ತಿನ್ನೋದಿಲ್ಲ, ಕಹಿ. ಮರಿ ಹಂಗಲ್ಲ. ಎರಡು ತಿಂಗಳಿಂದ ಆರು ತಿಂಗಳವರೆಗೆ ಹಲ್ಲು ಬರುವಾಗ ಅದು ಚಪ್ಪಲಿ, ಚಾರ್ಜರ್ ವೈರು, ಕಟ್ಟಿಗೆ, ಎಲ್ಲಾ ಕಡೀತದ. ಕಣಗಿಲ ಟೊಂಗೆಯೂ ಅದಕ್ಕೆ ಒಂದು ಕಟ್ಟಿಗೆ. ಆದ್ದರಿಂದ ನನ್ನ ಅಭಿಪ್ರಾಯ ನೇರ: ಮರಿ ತರುವ ಮನೆಯಲ್ಲಿ ಕಣಗಿಲೆ ಇರಬಾರದು. ‘ಬೇಲಿ ಹಾಕ್ತೀವಿ’ ಅನ್ನೋದು ಸಾಲದು, ಎಲೆ ಗಾಳಿಗೆ ಹಾರಿ ಬೀಳ್ತಾವ. ಅಜ್ಜಿಯ ಪೂಜೆಗೆ ಅದೇ ಹೂವು ಬೇಕಾದರೆ ಗುಡಿಯ ಆವರಣದ ಗಿಡದಿಂದ ನೀವೇ ದಿನಾ ತಂದುಕೊಡ್ರಿ. ಅವಳು ಹಚ್ಚಿದ ಗಿಡ ಕಿತ್ತವರು ನೀವು, ಅಷ್ಟು ಕೆಲಸ ನಿಮ್ಮ ಪಾಲಿಗೆ ಬರಲೇಬೇಕು.

ಅದರ ಬಳಗದ್ದೇ ಇನ್ನೊಂದು, ನರ್ಸರಿಯವರು ಈಗ ಚಂದದ ಕುಂಡದಾಗ ಮಾರುವ ಅಡೇನಿಯಂ. ದಪ್ಪ ಬುಡ, ಗುಲಾಬಿ ಬಣ್ಣದ ಹೂವು, ಇನ್‌ಸ್ಟಾಗ್ರಾಂನಾಗ ಬಾಳ ಚಂದ ಕಾಣ್ತದ. ವಿಷ ಮಾತ್ರ ಕಣಗಿಲದ್ದೇ ನಮೂನಿ. ಖರ್ಜೂರದ ಗಿಡದಂಗ ಕಾಣುವ ಸೈಕಸ್ ಇನ್ನೂ ಕೆಟ್ಟದ್ದು, ಅದರ ಬೀಜ ನಾಯಿಯ ಯಕೃತ್ತನ್ನೇ ಕೆಡಿಸ್ತದ. ಗಣಪನಿಗೆ ಅಂತ ಹಚ್ಚುವ ಬಿಳಿ ಎಕ್ಕಿ, ದತ್ತೂರಿ, ಸದಾಪುಷ್ಪ ಇವೂ ನಾಯಿ ಬಾಯಿಗೆ ಸಿಗಬಾರದವು. ಶಾವಂತಿಗಿ ತಿಂದರೆ ವಾಂತಿ, ತುರಿಕೆ ಆಗಬಹುದು, ಅದನ್ನು ಕಟ್ಟೆ ಮೇಲೆ ಇಟ್ಟರೆ ಸಾಕು.

ಭಯ ಇಲ್ಲದ ಹೂವುಗಳ ಪಟ್ಟಿಯೂ ಸಣ್ಣದಲ್ಲ. ಗುಲಾಬಿ, ದುಂಡುಮಲ್ಲಿಗಿ, ಜಾಜಿ, ದಾಸವಾಳ, ಜೀನಿಯಾ, ಆಸ್ಟರ್, ಜರ್ಬೆರಾ, ಸೂರ್ಯಕಾಂತಿ. ಇವಿಷ್ಟರಲ್ಲೇ ಶ್ರಾವಣದ ಸೋಮವಾರದಿಂದ ದೀಪಾವಳಿವರೆಗೂ ಪೂಜೆ ಬುಟ್ಟಿ ತುಂಬ್ತದ. ದಾಸವಾಳವನ್ನು ಓಡುವ ದಾರಿಯ ಅಂಚಿಗೆ ಹಚ್ಚಿದರೆ ಒಳ್ಳೇದು, ಟೊಂಗೆ ಬಾಗ್ತದ, ಮುರಿದರೂ ಮತ್ತೆ ಚಿಗುರುತ್ತದ. ಹಬ್ಬ ಮುಗಿದ ಮೇಲೆ ಬಾಡಿದ ಮಾಲೆಗಳನ್ನು ಗಿಡದ ಬುಡಕ್ಕೆ ಎಸೆಯುವ ರೂಢಿ ಇದೆಯಲ್ಲ, ದಾರ ಬಿಚ್ಚಿ ಎಸೀರಿ. ಪ್ರಸಾದದ ವಾಸನೆಗೆ ಮರಿ ದಾರ ಸಮೇತ ನುಂಗಿದರೆ ಅದು ಕರುಳಿಗೆ ಸಿಕ್ಕಿ ಆಪರೇಷನ್‌ವರೆಗೂ ಹೋಗಬಹುದು.

ಗಿಡಕ್ಕಿಂತ ಗೊಬ್ಬರದ ಬಗ್ಗೆ ನನಗೆ ಹೆಚ್ಚು ಹೆದರಿಕೆ. ಔಡಲ ಹಿಂಡಿ ಗುಲಾಬಿಗೆ ಒಳ್ಳೆಯ ಗೊಬ್ಬರ ಅಂತ ಯೂಟ್ಯೂಬ್‌ನಾಗ ಎಲ್ಲರೂ ಹೇಳ್ತಾರ. ಖರೇನೂ ಹೌದು. ಆದರೆ ಔಡಲ ಬೀಜದಾಗ ರೈಸಿನ್ ಅನ್ನೋ ವಿಷ ಇರ್ತದ, ಸರಿಯಾಗಿ ಬಿಸಿ ಮಾಡದ ಹಿಂಡಿಯಲ್ಲಿ ಅದು ಉಳಿದಿರ್ತದ. ಹಿಂಡಿಯ ವಾಸನೆ ನಾಯಿಗೆ ತಿಂಡಿಯ ವಾಸನೆ. ಬುಡ ಕೆದರಿ ತಿಂತದ, ಲಕ್ಷಣ ಕೆಲವು ತಾಸು ಬಿಟ್ಟು ಕಾಣ್ತಾವ, ಅಷ್ಟೊತ್ತಿಗೆ ಏನು ತಿಂತು ಅಂತ ಮನೆಯವರಿಗೇ ಗೊತ್ತಿರೂದಿಲ್ಲ. ನಾಯಿ ಇರುವ ಮನೆಗೆ ಎರೆಹುಳು ಗೊಬ್ಬರ, ಕೊಳೆತ ಸಗಣಿ ಸಾಕು. ಕಹಿ ಇರುವ ಬೇವಿನ ಹಿಂಡಿ ಕಡೆ ನಾಯಿ ಸಾಮಾನ್ಯವಾಗಿ ಹೋಗೂದಿಲ್ಲ.

ಕಬ್ಬು ಬೆಳೆಯುವ ಮನೆಯವರು ಇದನ್ನು ಗಮನ ಕೊಟ್ಟು ಕೇಳ್ರಿ. ಹೊಲಕ್ಕೆ ತಂದ ಫೋರೇಟ್, ಅಂದ್ರ ಎಲ್ಲರೂ ಥಿಮೆಟ್ ಅನ್ನುವ ಗುಳಿಗೆ, ಉಳಿದದ್ದನ್ನು ಹೂವಿನ ಕುಂಡಕ್ಕೆ ಒಂದು ಚಿಟಿಕೆ ಹಾಕುವ ಚಟ ನಮ್ಮಲ್ಲಿತ್ತು. 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದಕ್ಕೆ ನಿಷೇಧ ಇದೆ. ಆದರೂ ಹಗೇವು, ಪಂಪಸೆಟ್ ಕೋಣೆಯಲ್ಲಿ ಹಳೇ ಚೀಲ ಉಳಿದಿರಬಹುದು. ನಾಯಿ ಬಿಡ್ರಿ, ಅಂಗಳದಲ್ಲಿ ಅಂಬೆಗಾಲಿಡುವ ಕೂಸಿಗೂ ಅದು ಜೀವದ ಅಪಾಯ. ಇಲಿ ಪಾಷಾಣದ ಕಥೆಯೂ ಬೇರೆ ಅಲ್ಲ.

ಏನಾದರೂ ತಿಂದದ್ದು ಕಂಡರೆ ಹಾಲು ಕುಡಿಸೋದು, ಉಪ್ಪು ನೀರು ಹಾಕಿ ವಾಂತಿ ಮಾಡಿಸೋದು, ಇವೆರಡೂ ಮಾಡಬೇಡ್ರಿ. ಬಾಯಲ್ಲಿ ಉಳಿದದ್ದು ತೆಗೀರಿ. ಎಷ್ಟು ಗಂಟೆಗೆ, ಏನು, ಎಷ್ಟು ಅಂತ ಬರಕೊಳ್ರಿ. ಆ ಎಲೆ ಅಥವಾ ಪಾಕೀಟು ಕೈಯಲ್ಲಿ ಹಿಡಕೊಂಡು ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋಗ್ರಿ. ‘ಸಂಜಿತನಕ ನೋಡೋಣ’ ಅನ್ನೋ ಮಾತು ಕಣಗಿಲದ ವಿಷಯದಾಗ ನಡಿಯೂದಿಲ್ಲ. ಡಾಕ್ಟರ ನಂಬರು ಈಗಲೇ, ಈ ಪಾಡ್‌ಕಾಸ್ಟ್ ನಿಲ್ಲಿಸಿ, ಫೋನಿನಲ್ಲಿ ಸೇವ್ ಮಾಡ್ರಿ. ನಾ ಕಾಯ್ತೀನಿ.

ಆತಾ? ಮುಂದಕ್ಕೆ ಹೋಗೋಣ.

ರಬಕವಿ–ಬನಹಟ್ಟಿಯ ನೇಕಾರ ಓಣಿಗಳಲ್ಲಿ ಅಂಗಳವೇ ಇಲ್ಲ, ಮನೆಯ ಜಾಗವೆಲ್ಲ ಮಗ್ಗಕ್ಕೆ. ಅಲ್ಲಿ ಹೂವು ಇರೋದು ಮಾಳಿಗಿ ಮೇಲೆ, ಡಬ್ಬಿ, ಹಳೇ ಬಕೆಟ್‌ಗಳಲ್ಲಿ. ಮಾಳಿಗಿ ಮೇಲೆ ಮುಧೋಳ ನಾಯಿ ಬಿಡುವವರಿಗೆ ಒಂದೇ ಮಾತು: ಪಕ್ಕದ ಮಾಳಿಗಿ ಮೇಲೆ ಬೆಕ್ಕು ಕಂಡರೆ ಅದು ಜಿಗೀತದ. ಎರಡಡಿ ಕಟ್ಟೆ ಅದಕ್ಕೆ ಲೆಕ್ಕಕ್ಕಿಲ್ಲ. ಐದಡಿ ಜಾಲರಿ ಇಲ್ಲದೆ ಬಿಡಬೇಡ್ರಿ. ಖರೆ ಹೇಳಬೇಕಂದ್ರ, ಅಂಥ ಮನೆಗೆ ಓಣಿಯ ನಾಟಿ ನಾಯಿಯೇ ಚಲೋ ಜೋಡಿ. ಮುಧೋಳ ನಾಯಿ ಅಂದ್ರ ಓಟ. ಓಟ ಕೊಡಲಾಗದ ಮನೆಗೆ ಹೆಸರಿಗೋಸ್ಕರ ಅದನ್ನು ತರಬಾರದು. ಪುಣೆ, ಬೆಂಗಳೂರಿನ ಫ್ಲ್ಯಾಟ್‌ಗಳಿಗೆ ಮರಿ ಕಳಿಸುವವರಿಗೂ ಇದೇ ಹೇಳ್ತೀನಿ, ಅವರು ಕೇಳೂದಿಲ್ಲ, ಅದು ಬೇರೆ ಮಾತು.

ಬೀಳಗಿ ಕಡೆ ಕೃಷ್ಣಾ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವರದ್ದು ಇನ್ನೊಂದು ಪರಿಸ್ಥಿತಿ. ಜಾಗ ಇರ್ತದ, ನೆರಳು ಇರೂದಿಲ್ಲ. ಹಳೇ ಊರಿನ ಬೇವು, ಹುಣಸಿ ನೀರಿನ ಕೆಳಗ ಉಳಿದವು. ಅಂಥ ಕಡೆ ಹೂವಿಗಿಂತ ಮೊದಲು ಒಂದು ಮರ ಹಚ್ಚಬೇಕು, ಅದು ಏಳುವವರೆಗೆ ನಾಲ್ಕು ಕಂಬ ನೆಟ್ಟು ಹಸಿರು ನೆರಳು ಬಲೆ ಕಟ್ಟಿದರೆ ನಾಯಿಗೂ ಸಸಿಗೂ ನೆರಳಾಗ್ತದ. ಬೀಳಗಿ, ಮುಧೋಳ ತಾಲ್ಲೂಕಿನವರು ಇನ್ನೊಂದು ಮರೀಬಾರದು. ಹತ್ತಿರದಲ್ಲೇ ಯಡಹಳ್ಳಿ ಚಿಂಕಾರಾ ವನ್ಯಧಾಮ ಇದೆ. ಬೇಟೆಗಾಗಿಯೇ ಬೆಳೆದ ತಳಿಯ ನಾಯಿ ರಾತ್ರಿ ಬಿಚ್ಚಿಕೊಂಡು ಆ ಕಡೆ ಹೋದರೆ ಚಿಂಕಾರಾ ಮರಿಯ ಗತಿ ಏನು? ಗಟ್ಟಿ ಕಾಂಪೌಂಡ್, ಒಳಗೆ ಓಡಲು ದಾರಿ, ಮಲಗಲು ತಂಪು ಜಾಗ ಇದ್ದರೆ ನಾಯಿ ಹೊರಗೆ ಅಲೆಯೋದೂ ಕಡಿಮೆ.

ಉಣ್ಣಿ ಬಗ್ಗೆಯೂ ಕೇಳಿದ್ರಿ. ಗಿಡದಿಂದ ಉಣ್ಣಿ ಬರ್ತದ ಅಂತ ಗಿಡ ಕಡಿಯಬೇಡ್ರಿ. ನಾಯಿಗೆ ಹತ್ತುವ ಕಂದು ಉಣ್ಣಿ ಹೆಚ್ಚಾಗಿ ಗೋಡೆಯ ಬಿರುಕು, ಕಲ್ಲಿನ ಸಂದಿಯಲ್ಲಿ ತತ್ತಿ ಇಡ್ತದ. ಮಲಗುವ ಜಾಗದ ಹತ್ತಿರದ ಬಿರುಕಿಗೆ ಸಿಮೆಂಟ್ ಮೆತ್ತಿ, ಔಷಧಿ ಡಾಕ್ಟರನ್ನು ಕೇಳಿಯೇ ಹಾಕ್ರಿ.

ಇಷ್ಟೆಲ್ಲ ಯಾಕೆ ಮಾಡಬೇಕು ಅಂದ್ರ, ಸಂಜೆ ಆರೂವರೆ ಹೊತ್ತಿಗೆ ಅಂಗಳಕ್ಕೆ ನೀರು ಚಿಮುಕಿಸಿದ ಮೇಲೆ ಹೊರಗೆ ಕುಂತು ನೋಡ್ರಿ. ದುಂಡುಮಲ್ಲಿಗಿ ಮೊಗ್ಗು ಬಿರಿಯುವ ವ್ಯಾಳ್ಯಾ. ಹಗಲೆಲ್ಲ ಬಾಣದಂಗ ಓಡಿದ ನಾಯಿ ಆ ಉದ್ದ ಮೂತಿಯನ್ನು ಮುಂಗಾಲ ಮೇಲೆ ಇಟ್ಟು ಕಣ್ಣು ಮುಚ್ಚಿರ್ತದ. ಅಳಿಲು ಓಡಿದರೂ ಒಂದು ಕಿವಿ ಮಾತ್ರ ಅಲುಗಾಡಿಸ್ತದ.

ಕೊನೆಗೆ ಬೀಳಗಿಯ ಒಬ್ಬ ತಂಗಿಯ ಪ್ರಶ್ನೆ: ‘ಅಣ್ಣಾ, ಹೊಸ ಮನೆ ಐತಿ, ಮೊದಲು ಗಿಡಾ ಹಚ್ಚೂದೋ, ಮರಿ ತರೂದೋ?’ ಮೊದಲು ಗಿಡ, ತಂಗಿ. ಜೂನ್ ಮಳೆ ಬಿದ್ದ ಕೂಡಲೇ ದಾಸವಾಳ, ಮಲ್ಲಿಗಿ ಹಚ್ಚು, ದಸರಾ ಹೊತ್ತಿಗೆ ಬೇರು ಹಿಡೀತಾವ. ಮರಿ ದೀಪಾವಳಿ ಪಟಾಕಿ ಸದ್ದು ಮುಗಿದ ಮೇಲೆ ತಾ. ಮತ್ತ ಮೊದಲಿದ್ದವರು ಗೇಟಿನ ಹತ್ತಿರ ಕಣಗಲ ಹಚ್ಚಿ ಹೋಗಿದ್ದರೆ, ಅದನ್ನು ಈ ಭಾನುವಾರವೇ ಕೈಗೆ ಗ್ಲೌಸ್ ಹಾಕ್ಕೊಂಡು ಬೇರು ಸಮೇತ ತೆಗಿಸು.